ತರಕಾರಿ ಬೆಳೆಯುವ ನಾಡಿನಲ್ಲಿ ತಟ್ಟೆಗೆ ಸೊಪ್ಪು ಯಾಕೆ ಕಮ್ಮಿ?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಭಾರತೀಯರ ಊಟ ಹೇಗಿರಬೇಕು ಅಂತ ಹೊಸ ಮಾರ್ಗಸೂಚಿ ಹೊರಡಿಸಿತು. ಒಬ್ಬರಿಗೆ ದಿನಕ್ಕೆ 400 ಗ್ರಾಂ ಸೊಪ್ಪು-ತರಕಾರಿ, 100 ಗ್ರಾಂ ಹಣ್ಣು ಬೇಕು. ಅಕ್ಕಿ, ರಾಗಿ, ಜೋಳ, ಗೋಧಿ ಎಲ್ಲ ಸೇರಿ 250 ಗ್ರಾಂ ಸಾಕು. ದೇಶದ ಒಟ್ಟು ಕಾಯಿಲೆಗಳ ಹೊರೆಯಲ್ಲಿ ಶೇ 56.4ರಷ್ಟಕ್ಕೆ ಸರಿಯಿಲ್ಲದ ಊಟವೇ ಕಾರಣ ಅಂತಲೂ ಅದರಲ್ಲಿದೆ.

ನಮ್ಮ ಬಹಳಷ್ಟು ಮನೆಗಳಲ್ಲಿ ಈ ಲೆಕ್ಕ ತಿರುಗುಮುರುಗಾಗಿದೆ. ತಟ್ಟೆ ತುಂಬ ಅನ್ನ, ಪಕ್ಕದಲ್ಲಿ ಒಂದೆರಡು ಚಮಚ ಪಲ್ಯ, ಸಾರಿನಲ್ಲಿ ನಾಲ್ಕು ಹೋಳು. ಅದಕ್ಕೆ ಡಾಕ್ಟರು, ಪತ್ರಿಕೆ, ಟಿವಿ, ವಾಟ್ಸಾಪ್ ಎಲ್ಲ ಕಡೆಯಿಂದಲೂ ಒಂದೇ ಮಾತು: ಸೊಪ್ಪು ತಿನ್ನಿ, ತರಕಾರಿ ತಿನ್ನಿ, ನಿಮ್ಮ ಊರಲ್ಲಿ ಬೆಳೆದದ್ದನ್ನೇ ತಿನ್ನಿ. ಮಾತು ಸರಿಯಾದದ್ದೇ. ಆದರೆ ಸೊಪ್ಪು ಒಳ್ಳೆಯದು ಅಂತ ಗೊತ್ತಿಲ್ಲದ ತಾಯಿ ನಮ್ಮ ನಾಡಿನಲ್ಲಿ ಎಲ್ಲಿದ್ದಾಳೆ? ಗೊತ್ತಿದ್ದೂ ತಿನ್ನಿಸಲು ಆಗುತ್ತಿಲ್ಲ. ತೊಡಕು ಇರುವುದು ಜನರ ತಿಳಿವಳಿಕೆಯಲ್ಲಲ್ಲ. ತರಕಾರಿ ಹೊಲದಿಂದ ಮನೆಗೆ ಬರುವ ದಾರಿಯಲ್ಲಿದೆ, ಮನೆಯ ಜೇಬಿನಲ್ಲಿದೆ.

ಜೇಬಿನ ಲೆಕ್ಕವನ್ನೇ ಮೊದಲು ನೋಡೋಣ. ಬೆಂಗಳೂರಿನ ಪೀಣ್ಯದ ಕಡೆ ಗಾರ್ಮೆಂಟ್ಸ್ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು ಅಂದುಕೊಳ್ಳಿ. ಕೈಗೆ 14 ಸಾವಿರ ಬರುತ್ತೆ. ಮನೆಯಲ್ಲಿ ನಾಲ್ಕು ಜನ. ಮಾರ್ಗಸೂಚಿ ಪ್ರಕಾರ ಆ ಮನೆಗೆ ದಿನಕ್ಕೆ 1 ಕೆಜಿ 600 ಗ್ರಾಂ ತರಕಾರಿ, 400 ಗ್ರಾಂ ಹಣ್ಣು ಬೇಕು. ಬೀನ್ಸ್, ಕ್ಯಾರೆಟ್ ದುಬಾರಿ, ಸೋರೆ, ಕುಂಬಳ ಅಗ್ಗ. ಎಲ್ಲ ಕೂಡಿಸಿ ತರಕಾರಿ ಸರಾಸರಿ ಕೆಜಿಗೆ 40 ರೂಪಾಯಿ, ಹಣ್ಣು 80 ರೂಪಾಯಿ ಅಂತ ಹಿಡಿದರೂ ದಿನಕ್ಕೆ 96 ರೂಪಾಯಿ ಆಯಿತು. ತಿಂಗಳಿಗೆ ಹತ್ತಿರ ಹತ್ತಿರ 2,900. ಸಂಬಳದ ಐದನೇ ಒಂದು ಭಾಗ ಬರೀ ತರಕಾರಿ-ಹಣ್ಣಿಗೆ! ಬಾಡಿಗೆ, ಮಕ್ಕಳ ಫೀಸು, ಬಸ್ಸು, ಗ್ಯಾಸು, ಬೇಳೆ, ಎಣ್ಣೆ, ಹಾಲು ಎಲ್ಲ ಇನ್ನೂ ಬಾಕಿ ಇದೆ. ಖರ್ಚು ಕಡಿಮೆ ಮಾಡಬೇಕು ಅಂತ ಬಂದಾಗ ಬಾಡಿಗೆ ಕಡಿಮೆ ಮಾಡಲು ಆಗುತ್ತಾ? ತರಕಾರಿಯೇ ಕಡಿಮೆ ಆಗುತ್ತೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2024ರಲ್ಲಿ ಹೊರತಂದ ವರದಿಯೂ ಇದನ್ನೇ ಹೇಳಿತ್ತು. 2022ರಲ್ಲಿ ಭಾರತದ ಅರ್ಧಕ್ಕಿಂತ ಹೆಚ್ಚು ಜನರಿಗೆ ಆರೋಗ್ಯಕರ ಊಟ ಕೊಳ್ಳುವ ಶಕ್ತಿ ಇರಲಿಲ್ಲ ಅಂತ ಆ ವರದಿಯ ಅಂದಾಜು.

ಹಾಗಂತ ದುಡ್ಡೊಂದೇ ಕಾರಣ ಅಲ್ಲ. 2022-23ರ ಕೇಂದ್ರ ಸರ್ಕಾರದ ಮನೆಖರ್ಚಿನ ಸಮೀಕ್ಷೆ ನೋಡಿ. ನಗರದ ಮನೆಗಳು ಒಟ್ಟು ಖರ್ಚಿನಲ್ಲಿ ತರಕಾರಿಗೆ ಹಾಕುತ್ತಿರುವುದು ಶೇ 3.8. ಪಾನೀಯ, ಪ್ಯಾಕೆಟ್ ತಿಂಡಿ, ಹೊರಗಿನ ಊಟಕ್ಕೆ ಶೇ 10.64. ಹಳ್ಳಿಗಳಲ್ಲೂ ತರಕಾರಿಗೆ ಶೇ 5.38, ಈ ಇನ್ನೊಂದು ಬಾಬತ್ತಿಗೆ ಶೇ 9.62. ಬಾಯಿ ಚಪಲ ಅಂತ ತಳ್ಳಿಹಾಕುವುದು ಸುಲಭ. ಆದರೆ ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣ ಕೊಳೆಯುವುದಿಲ್ಲ, ತೊಳೆಯಬೇಕಿಲ್ಲ, ಬೇಯಿಸಬೇಕಿಲ್ಲ, ರಾಜ್ಯದ ಯಾವ ಮೂಲೆಯ ಪೆಟ್ಟಿಗೆ ಅಂಗಡಿಯಲ್ಲಾದರೂ ಅದೇ ರೇಟಿಗೆ ಸಿಗುತ್ತೆ. ಒಂದು ಕಟ್ಟು ಮೆಂತ್ಯ ಸೊಪ್ಪು ಹಾಗೆ ಸಿಗುತ್ತಾ?

ಸೊಪ್ಪಿನ ಕೆಲಸ ಎಷ್ಟು ಅನ್ನುವುದು ಬಿಡಿಸಿದವರಿಗೇ ಗೊತ್ತು. ದಂಟು ಬೇರೆ, ಎಲೆ ಬೇರೆ ಮಾಡಬೇಕು. ಹಳದಿ ಎಲೆ, ಹುಳ ಹಿಡಿದ ಎಲೆ ಆರಿಸಬೇಕು. ಮಣ್ಣು ಹೋಗುವವರೆಗೆ ಮೂರು-ನಾಲ್ಕು ನೀರಿನಲ್ಲಿ ಜಾಲಾಡಬೇಕು. ರಾತ್ರಿ ಏಳೂವರೆಗೆ ಕೆಲಸದಿಂದ ಬಂದವಳು, ಹತ್ತು ಮನೆಗೆ ಒಂದೇ ನಲ್ಲಿ ಇರುವ ವಠಾರದಲ್ಲಿ ಇದನ್ನೆಲ್ಲ ಯಾವಾಗ ಮಾಡಬೇಕು? ಗಂಡ, ಮಕ್ಕಳು ಸೊಪ್ಪು ಬಿಡಿಸಲು ಕೂತರೆ ಎಷ್ಟೋ ಮನೆಗಳಲ್ಲಿ ವಾರಕ್ಕೆ ಇನ್ನೆರಡು ಸಲ ಮಸ್ಸೊಪ್ಪು ಆಗುತ್ತೆ. ಇದನ್ನು ಯಾವ ಮಾರ್ಗಸೂಚಿಯೂ ಬರೆಯುವುದಿಲ್ಲ.

ಪರಿಣಾಮ ಸಣ್ಣದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇದೆ. 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8. ಹಿಂದಿನ ಸಮೀಕ್ಷೆಗಿಂತ ಎರಡೂ ಜಾಸ್ತಿಯಾಗಿವೆ. ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಬರೀ ಸೊಪ್ಪು ತಿಂದರೆ ರಕ್ತಹೀನತೆ ಹೋಗಿಬಿಡುತ್ತೆ ಅಂತ ನಾನು ಹೇಳುತ್ತಿಲ್ಲ. ಸೊಪ್ಪಿನ ಕಬ್ಬಿಣಾಂಶವನ್ನು ನಮ್ಮ ಮೈ ಪೂರ್ತಿ ಹೀರಿಕೊಳ್ಳುವುದಿಲ್ಲ. ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಇನ್ನಷ್ಟು ಹೀರಿಕೊಳ್ಳುತ್ತೆ. ಬೇಳೆ, ಮೊಟ್ಟೆ, ಮಾಂಸ ಎಲ್ಲದಕ್ಕೂ ಅವುಗಳದ್ದೇ ಪಾಲಿದೆ. ಆದರೆ ದಿನವೂ ಅನ್ನ-ನೀರುಸಾರಿನಲ್ಲೇ ಮುಗಿಯುವ ಊಟದಲ್ಲಿ ಇದ್ಯಾವುದೂ ಇಲ್ಲ. ಹೊಟ್ಟೆ ತುಂಬುತ್ತೆ, ಅಷ್ಟೇ.

ಹೊಟ್ಟೆ ತುಂಬಿಸುವ ಕೆಲಸವನ್ನು ನಮ್ಮ ರಾಜ್ಯ ಚೆನ್ನಾಗೇ ಮಾಡಿದೆ, ಅದನ್ನು ಒಪ್ಪಬೇಕು. 2013ರ ಜುಲೈನಲ್ಲಿ ಅನ್ನಭಾಗ್ಯ ಬಂದ ಮೇಲೆ ಅಕ್ಕಿಯ ಚಿಂತೆ ಬಡವರ ಮನೆಯಿಂದ ಬಹಳ ಮಟ್ಟಿಗೆ ಹೋಯಿತು. ದಕ್ಷಿಣದ ಜಿಲ್ಲೆಗಳಲ್ಲಿ ರೇಷನ್ ಜೊತೆ ರಾಗಿ, ಉತ್ತರದಲ್ಲಿ ಜೋಳ ಕೊಡುವ ಪದ್ಧತಿಯೂ ಇದೆ. 2025ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ಇನ್ನೊಂದು ಹೆಜ್ಜೆ ಇಟ್ಟಿತು. ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಕಿಟ್ ಕೊಡಲು ಒಪ್ಪಿಗೆ ಕೊಟ್ಟಿತು. ಬೇಳೆ ಸೇರಿಸಿದ್ದು ನಿಜಕ್ಕೂ ಒಳ್ಳೆಯದು. ಸಕ್ಕರೆ ಯಾಕೆ ಅಂತ ನನಗೆ ಅರ್ಥವಾಗಲಿಲ್ಲ. ತರಕಾರಿ ಮಾತ್ರ ಈ ವ್ಯವಸ್ಥೆಗೆ ಒಳಗೇ ಬಂದಿಲ್ಲ. ಕಾರಣ ಸ್ಪಷ್ಟ: ಅಕ್ಕಿಯನ್ನು ಗೋದಾಮಿನಲ್ಲಿ ತಿಂಗಳುಗಟ್ಟಲೆ ಇಡಬಹುದು, ಹರಿವೆ ಸೊಪ್ಪು ಸಂಜೆಗೆ ಬಾಡುತ್ತೆ.

ಈಗ ದಾರಿಯ ಕಡೆ ಬರೋಣ. ಕೋಲಾರದ ಎಪಿಎಂಸಿ ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಒಂದೇ ಒಂದು ವರ್ಷಪೂರ್ತಿ ಹರಿಯುವ ಹೊಳೆ ಇಲ್ಲದ ಜಿಲ್ಲೆ ಅದು. ಸಾವಿರ ಅಡಿ ಬೋರ್ ಕೊರೆಸಿ, ಡ್ರಿಪ್ ಹಾಕಿ, ಕೋಲು ಕಟ್ಟಿ ಬೆಳೆದ ಹಣ್ಣು 15 ಕೆಜಿ ಬಾಕ್ಸಿನಲ್ಲಿ ಮಂಡಿಗೆ ಬಂದಿಳಿಯುತ್ತೆ. ಹರಾಜು ಕೂಗುತ್ತಾರೆ. ಸಂಜೆಯೊಳಗೆ ಲಾರಿ ಉತ್ತರ ಭಾರತದ ಕಡೆ ಹೊರಡುತ್ತೆ. 2023ರ ಜುಲೈನಲ್ಲಿ ಆ ಬಾಕ್ಸ್ 2,000 ರೂಪಾಯಿ ದಾಟಿತ್ತು. ಬೆಳೆ ಒಟ್ಟಿಗೆ ಬಂದ ಕಾಲದಲ್ಲಿ ಅದೇ ಬಾಕ್ಸ್ ನೂರು ರೂಪಾಯಿಗಿಂತ ಕೆಳಗೆ ಇಳಿಯುತ್ತೆ. ಆಗ ಕೀಳುವ ಕೂಲಿಯೂ ಹುಟ್ಟುವುದಿಲ್ಲ. ಹಣ್ಣನ್ನು ಗಿಡದಲ್ಲೇ ಬಿಡುತ್ತಾರೆ, ಇಲ್ಲ ರಸ್ತೆಗೆ ಸುರಿಯುತ್ತಾರೆ.

ಆ ರಸ್ತೆಗೆ ಸುರಿದ ವಾರದಲ್ಲೂ ಊರಿನ ಅಂಗಡಿಯಲ್ಲಿ ಟೊಮೆಟೊ ಪುಕ್ಕಟೆ ಸಿಗುವುದಿಲ್ಲ. ರಿಸರ್ವ್ ಬ್ಯಾಂಕ್ 2024ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ಟೊಮೆಟೊಗೆ ಗ್ರಾಹಕ ಕೊಡುವ ಪ್ರತಿ ರೂಪಾಯಿಯಲ್ಲಿ ರೈತನ ಕೈಗೆ ಸಿಗುವುದು ಸುಮಾರು 33 ಪೈಸೆ. ಈರುಳ್ಳಿಗೆ 36, ಆಲೂಗಡ್ಡೆಗೆ 37. ಉಳಿದದ್ದೆಲ್ಲ ದಲ್ಲಾಳಿ ನುಂಗಿದ ಅಂತ ಹೇಳಿ ಮುಗಿಸುವುದು ಸರಿಯಲ್ಲ. ಸಾಗಾಟ, ಹಮಾಲಿ, ಬಾಕ್ಸಿನ ಬಾಡಿಗೆ, ಕಮಿಷನ್ನು, ಕೊಳೆತು ಹೋಗುವುದರ ನಷ್ಟ ಎಲ್ಲ ಅದರಲ್ಲಿದೆ. ಕೊಳೆಯುವುದೂ ಸಣ್ಣ ಮೊತ್ತವಲ್ಲ. ನಬಾರ್ಡ್‌ನ ಸಲಹಾ ಸಂಸ್ಥೆ 2022ರಲ್ಲಿ ಲೆಕ್ಕ ಹಾಕಿದಂತೆ, ಕೊಯ್ಲಿನ ನಂತರ ಹಾಳಾಗುವ ಟೊಮೆಟೊ ಶೇ 11.61. ಸೀಬೆಹಣ್ಣಂತೂ ಶೇ 15. ಹಾಳಾದದ್ದರ ಬೆಲೆಯನ್ನು ಉಳಿದ ಹಣ್ಣು ಕೊಳ್ಳುವವರೇ ಕಟ್ಟಿಕೊಡುತ್ತಾರೆ.

ಇನ್ನೂ ನೋವಿನ ಸಂಗತಿ ಒಂದಿದೆ. ತರಕಾರಿ ಹಳ್ಳಿಯಿಂದ ಪೇಟೆಗೆ ಹೋಗಿ, ಅಲ್ಲಿಂದ ಮತ್ತೆ ಹಳ್ಳಿಗೇ ಬರುತ್ತೆ. ಹೊಲದವರು ಎಲ್ಲವನ್ನೂ ದೊಡ್ಡ ಮಂಡಿಗೆ ಕಳಿಸುತ್ತಾರೆ. ಸಂತೆ ವ್ಯಾಪಾರಿ ಅದೇ ಮಂಡಿಯಿಂದ ಕೊಂಡು ಟೆಂಪೋದಲ್ಲಿ ವಾಪಸ್ ತರುತ್ತಾನೆ. ಎರಡು ಸಲ ಸಾಗಾಟ, ಎರಡು ಸಲ ಕಮಿಷನ್ನು, ಎರಡು ದಿನದ ಹಳಸಲು.

ಬಯಲುಸೀಮೆಯ ಯಾವುದಾದರೂ ಊರಿನ ಒಂದು ವಾರವನ್ನು ನೋಡಿ. ಸೋಮವಾರ ಸಂತೆ. ಸೋಮವಾರ, ಮಂಗಳವಾರ ಎಲ್ಲರ ಮನೆಯಲ್ಲೂ ಸೊಪ್ಪು, ಬೀನ್ಸು, ಹೀರೇಕಾಯಿ. ಬುಧವಾರ ಬದನೆಕಾಯಿ, ಎಲೆಕೋಸು. ಗುರುವಾರದ ಹೊತ್ತಿಗೆ ಫ್ರಿಜ್ ಇಲ್ಲದ ಮನೆಯಲ್ಲಿ ಈರುಳ್ಳಿ, ಆಲೂಗಡ್ಡೆ ಬಿಟ್ಟರೆ ಏನೂ ಉಳಿದಿರುವುದಿಲ್ಲ. ಶುಕ್ರವಾರದಿಂದ ಹುರುಳಿ, ಒಣ ಅವರೆ, ಇಲ್ಲವೇ ಬರೀ ಹುಣಸೆಸಾರು. ಊರಲ್ಲೇ ಎಕರೆಗಟ್ಟಲೆ ಕ್ಯಾಪ್ಸಿಕಂ ಇದ್ದರೂ ಅದು ಊರವರ ಅಡುಗೆಗಲ್ಲ. ಹಾಗಾಗಿ ದಿನದಿನ ಸಿಗದ ಕಡೆ ಬೆಲೆ ಇಳಿಸಿದರೂ ತಾಜಾ ತರಕಾರಿ ತಟ್ಟೆಗೆ ಬರುವುದಿಲ್ಲ.

ಮೊದಲು ಈ ನಡುವಿನ ದಿನಗಳನ್ನು ತುಂಬುತ್ತಿದ್ದದ್ದು ಬೆರಕೆ ಸೊಪ್ಪು. ಅದಕ್ಕೆ ಕಾಸು ಕೊಡಬೇಕಿರಲಿಲ್ಲ. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುತ್ತಿದ್ದರು. ಅವರೆ, ತೊಗರಿ, ಹುಚ್ಚೆಳ್ಳು, ಜೋಳ ಎಲ್ಲ ಒಂದೇ ಹೊಲದಲ್ಲಿ. ಸಾಲಿನ ನಡುವೆ ತಾವಾಗೇ ಹುಟ್ಟುವ ಅಣ್ಣೆ ಸೊಪ್ಪು, ದೊಗ್ಗಲಿ ಸೊಪ್ಪು, ಗೋಣಿ ಸೊಪ್ಪು, ಬದುವಿನ ಮೇಲೆ ಹೊನಗನ್ನೆ. ಕಳೆ ಕೀಳಲು ಹೋದ ಹೆಂಗಸರು ಸಂಜೆ ಮಡಿಲು ತುಂಬ ಸೊಪ್ಪು ಕುಯ್ದು ತರುತ್ತಿದ್ದರು. ರಾತ್ರಿಗೆ ಬಸ್ಸಾರು, ಉಪ್ಸಾರು. ಉತ್ತರ ಕರ್ನಾಟಕದಲ್ಲಿ ರೊಟ್ಟಿ ಜೊತೆ ಹಸಿ ಹಕ್ಕರಿಕಿ, ಪುಂಡಿ ಪಲ್ಯ. ಮಲೆನಾಡು, ಕರಾವಳಿಯಲ್ಲಿ ಒಂದೆಲಗದ ತಂಬುಳಿ, ಮನೆ ಹಿತ್ತಲ ಬಸಳೆ. ಇವೆಲ್ಲ ಬಡವರ ಊಟವೇ, ಆದರೆ ಇವತ್ತಿನ ಪೋಷಣಾ ತಜ್ಞರು ಬರೆದುಕೊಡುವ ಪಟ್ಟಿ ಇದಕ್ಕಿಂತ ಬಹಳ ಬೇರೆಯೇನೂ ಅಲ್ಲ.

ಈಗ ಕೂಲಿ ಆಳು ಸಿಗುವುದಿಲ್ಲ ಅಂತ ಕಳೆನಾಶಕ ಹೊಡೆಯುತ್ತಾರೆ. ರೈತನನ್ನು ಬೈದು ಪ್ರಯೋಜನವಿಲ್ಲ, ಅವನಿಗೂ ಬೇರೆ ದಾರಿ ಕಾಣುತ್ತಿಲ್ಲ. ಆದರೆ ಔಷಧಿ ಹೊಡೆದ ಹೊಲದಲ್ಲಿ ಅಣ್ಣೆ ಸೊಪ್ಪೂ ಸಾಯುತ್ತೆ, ಎಲ್ಲೋ ಉಳಿದರೆ ಅದನ್ನು ತಿನ್ನಲು ಭಯ. ಅಕ್ಕಡಿ ಹೋಗಿ ಒಂದೇ ಬೆಳೆ ಬಂತು. ಎಷ್ಟೋ ಹೊಲ ನೀಲಗಿರಿ ತೋಪಾಯಿತು. ಈ ನಷ್ಟವನ್ನು ಯಾವ ಸಮೀಕ್ಷೆಯೂ ಅಳೆದಂತೆ ಕಾಣುವುದಿಲ್ಲ, ಯಾಕೆಂದರೆ ಬೆರಕೆ ಸೊಪ್ಪು ಯಾವತ್ತೂ ಮಂಡಿಗೆ ಬಂದದ್ದಲ್ಲ, ಅದಕ್ಕೆ ರೇಟಿಲ್ಲ. ನನ್ನ ಮಟ್ಟಿಗೆ ಹಳ್ಳಿಯ ಬಡ ಮನೆಯ ಊಟಕ್ಕೆ ಬಿದ್ದ ದೊಡ್ಡ ಪೆಟ್ಟು ಇದೇ.

ಊರ ಪಕ್ಕದ ಜಮೀನಿನ ವಿಷಯವೂ ಇದಕ್ಕೆ ಸೇರಿದ್ದು. ಬೆಂಗಳೂರಿಗೆ ಸೊಪ್ಪು-ತರಕಾರಿ ಬರುವುದು ಹೊಸಕೋಟೆ, ಮಾಲೂರು, ಆನೇಕಲ್, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಯಿಂದ. ಅಲ್ಲೆಲ್ಲ ಲೇಔಟು, ಗೋದಾಮು, ಕಾರ್ಖಾನೆ ಏಳುತ್ತಿವೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ತೆಗೆದುಕೊಳ್ಳಲು ಹೊರಟಾಗ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸ್ವಾಧೀನ ಕೈಬಿಡುವುದಾಗಿ ಪ್ರಕಟಿಸಿದರು. ಆ ನೆಲದಲ್ಲಿ ತರಕಾರಿ, ದ್ರಾಕ್ಷಿ, ರೇಷ್ಮೆ, ಹೂವು, ಹಾಲು ಎಲ್ಲ ಬರುತ್ತೆ. ರೈತರ ಬದುಕಿನ ಪ್ರಶ್ನೆ ಅಂತ ಅದನ್ನು ಎಲ್ಲರೂ ನೋಡಿದರು, ಸರಿಯೇ. ಬೆಂಗಳೂರಿನವರ ತಟ್ಟೆಯ ಪ್ರಶ್ನೆಯೂ ಅದೇ ಆಗಿತ್ತು.

ಹತ್ತಿರದಲ್ಲಿ ಬೆಳೆದದ್ದೆಲ್ಲ ಶುದ್ಧ ಅಂತಲೂ ತಿಳಿಯಬಾರದು. ವೃಷಭಾವತಿ ಹೊಳೆ ಬೆಂಗಳೂರಿನ ಕೊಳಚೆ, ಕಾರ್ಖಾನೆ ನೀರು ಹೊತ್ತು ಬಿಡದಿ ಹತ್ತಿರದ ಬೈರಮಂಗಲ ಕೆರೆ ಸೇರುತ್ತೆ. ಅದೇ ನೀರು ಸುತ್ತಲ ಹೊಲಗಳಿಗೆ ಹರಿಯುತ್ತೆ. ನಮ್ಮ ಊರ ತರಕಾರಿ ಬೇಕು ಅನ್ನುವವರು ನಮ್ಮ ಊರ ಕೊಳಚೆ ಎಲ್ಲಿಗೆ ಹೋಗುತ್ತೆ ಅಂತಲೂ ಕೇಳಬೇಕಾಗುತ್ತೆ.

ಹಾಗಾದರೆ ಕೊಳೆಯುವ ಪದಾರ್ಥವನ್ನು ಹಳ್ಳಿಯಿಂದ ದಿನಾ ಮನೆಮನೆಗೆ ತಲುಪಿಸಲು ಆಗುವುದೇ ಇಲ್ವಾ? ಆಗುತ್ತೆ. ಕರ್ನಾಟಕ ಅದನ್ನು ಮಾಡಿ ತೋರಿಸಿದೆ. ಹಾಲು ತರಕಾರಿಗಿಂತ ಬೇಗ ಕೆಡುತ್ತೆ. ಆದರೂ ಹಳ್ಳಿ ಹಳ್ಳಿಯ ಹಾಲಿನ ಡೈರಿಯಲ್ಲಿ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹಾಲು ಅಳೆಯುತ್ತಾರೆ. ಶೀತಲ ಕೇಂದ್ರಕ್ಕೆ ಹೋಗುತ್ತೆ. ಮರುದಿನ ಕೋಳಿ ಕೂಗುವ ಹೊತ್ತಿಗೆ ನಂದಿನಿ ಬೂತ್‌ನಲ್ಲಿ ಇರುತ್ತೆ. ರೈತನಿಗೆ ರೇಟು ಮೊದಲೇ ಗೊತ್ತು, ಕೊಳ್ಳುವವರಿಗೂ ಗೊತ್ತು.

ತರಕಾರಿಗೂ ಹೀಗೇ ಆಗಲಿ ಅಂತ ಒಂದು ಸಂಸ್ಥೆ ಹುಟ್ಟಿತ್ತು. 1959ರಲ್ಲಿ ತೋಟಗಾರಿಕೆ ಇಲಾಖೆಯ ಡಾ. ಎಂ.ಎಚ್. ಮರಿಗೌಡರ ಮುಂದಾಳತ್ವದಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದದ್ದೇ ಮುಂದೆ ಹಾಪ್‌ಕಾಮ್ಸ್ ಆಯಿತು. ಬಡಾವಣೆಗೊಂದು ಹಸಿರು ಮಳಿಗೆ, ತೂಕ ಸರಿ, ರೇಟು ಬೋರ್ಡಿನ ಮೇಲೆ. ಒಂದು ತಲೆಮಾರಿನ ಬೆಂಗಳೂರಿಗರು ಅಲ್ಲೇ ತರಕಾರಿ ಕೊಂಡು ಬೆಳೆದರು. ಅದು ಯಾಕೆ ನಂದಿನಿಯಷ್ಟು ಬೆಳೆಯಲಿಲ್ಲ? ಒಂದು ಮುಖ್ಯ ವ್ಯತ್ಯಾಸ ಇದೆ. ಡೈರಿ ರೈತ ತಂದ ಹಾಲನ್ನೆಲ್ಲ ಕೊಳ್ಳುತ್ತೆ. ಮಿಕ್ಕಿದ್ದು ಪುಡಿ, ಬೆಣ್ಣೆ, ತುಪ್ಪ ಆಗುತ್ತೆ. ಹಾಪ್‌ಕಾಮ್ಸ್ ಮಳಿಗೆಗಳಿಗೆ ಎಷ್ಟು ಬೇಕೋ ಅಷ್ಟಕ್ಕೇ ಬೇಡಿಕೆ ಕೊಡುತ್ತೆ. ಉಳಿದ ಮೂಟೆ ಹೊತ್ತು ರೈತ ಮತ್ತೆ ಮಂಡಿಗೇ ಹೋಗಬೇಕು. ಹಾಲು ಒಂದೇ ಸರಕು, ಒಂದೇ ಟ್ಯಾಂಕಿಗೆ ಸುರಿಯಬಹುದು. ತರಕಾರಿ ಐವತ್ತು ಬಗೆ, ಒಂದೊಂದಕ್ಕೂ ಒಂದೊಂದು ಆಯಸ್ಸು. ಹೌದು, ಕಷ್ಟ ಇದೆ. ಆದರೆ ಹಳ್ಳಿಯ ಡೈರಿ ಇರುವ ಕಡೆಯೇ ಒಂದು ಸಣ್ಣ ತಂಪುಕೋಣೆ, ಒಂದು ಸಂಗ್ರಹ ಕಟ್ಟೆ ಮಾಡಿ, ಮೊದಲು ಆ ಊರಿಗೆ, ಆಮೇಲೆ ಹೋಬಳಿಗೆ, ಮಿಕ್ಕಿದ್ದು ಪೇಟೆಗೆ ಅಂತ ಯೋಚಿಸಿದರೆ ಅಸಾಧ್ಯವೇನಲ್ಲ.

ಅಕ್ಕಪಕ್ಕದ ರಾಜ್ಯಗಳು ಸುಮ್ನೆ ಕೂತಿಲ್ಲ. 1999ರಲ್ಲೇ ಆಂಧ್ರದಲ್ಲಿ ರೈತು ಬಜಾರ್ ಬಂತು, ಅದೇ ವರ್ಷ ತಮಿಳುನಾಡಿನಲ್ಲಿ ಮಧುರೈಯಿಂದ ಉಳವರ್ ಸಂದೈ ಶುರುವಾಯಿತು. ರೈತರೇ ಕೂತು ಮಾರುತ್ತಾರೆ, ನಡುವೆ ಯಾರೂ ಇಲ್ಲ. ಕೇರಳ 2020ರ ನವೆಂಬರ್ 1ರಿಂದ ಮರಗೆಣಸು, ಬಾಳೆ, ತರಕಾರಿ ಸೇರಿ 16 ಬೆಳೆಗೆ ಮೂಲ ಬೆಲೆ ಗೊತ್ತು ಮಾಡಿತು. ಬೆಳೆಯುವ ಖರ್ಚಿನ ಮೇಲೆ ಶೇ 20 ಸೇರಿಸಿದ ಬೆಲೆ ಅದು. ತರಕಾರಿಗೆ ಹೊರರಾಜ್ಯಗಳನ್ನೇ ನೆಚ್ಚಿರುವ ಕೇರಳ ಅಷ್ಟು ಮಾಡುತ್ತೆ ಅಂದರೆ, ಅವರಿಗೆ ತರಕಾರಿ ಕಳಿಸುವ ಗುಂಡ್ಲುಪೇಟೆ ಇರುವ ನಾವು ಮಾಡಬೇಕಲ್ವಾ?

ಪೇಟೆಯಲ್ಲಿ ಬಡವರಿಗೆ ತರಕಾರಿ ತಲುಪಿಸುತ್ತಿರುವುದು ಹತ್ತು ನಿಮಿಷದ ಆ್ಯಪ್‌ಗಳಲ್ಲ, ತಳ್ಳುಗಾಡಿಯವರು. ಹತ್ತು ರೂಪಾಯಿಗೆ ಕಾಲು ಕೆಜಿ ಬದನೆಕಾಯಿ ಅವರೇ ಕೊಡುತ್ತಾರೆ. ಕೈಯಲ್ಲಿ ಕಾಸಿಲ್ಲದಿದ್ದರೆ ನಾಳೆ ಕೊಡಮ್ಮ ಅಂತಾರೆ. ಬೀದಿಬದಿ ವ್ಯಾಪಾರಿಗಳ ಕಾಯ್ದೆ 2014ರಲ್ಲೇ ಬಂದಿದೆ. ಸಮೀಕ್ಷೆ ಮುಗಿದು ಎಲ್ಲರಿಗೂ ವ್ಯಾಪಾರದ ಪತ್ರ ಸಿಗುವವರೆಗೆ ಯಾರನ್ನೂ ಎಬ್ಬಿಸಬಾರದು ಅಂತ ಅದರಲ್ಲಿದೆ. ಆದರೂ ಫುಟ್‌ಪಾತ್ ತೆರವು ಅಂತ ಬಂದಾಗ ಮೊದಲು ಲಾರಿಗೆ ಏರುವುದು ಸೊಪ್ಪಿನ ಬುಟ್ಟಿಯೇ. ನಡೆಯುವವರಿಗೆ ಫುಟ್‌ಪಾತ್ ಬೇಕು, ನಿಜ. ವ್ಯಾಪಾರಕ್ಕೆ ಜಾಗ ಗುರುತಿಸುವುದು ನಗರಪಾಲಿಕೆಯ ಕೆಲಸ. ಆ ಕೆಲಸ ಮಾಡದೆ ಗಾಡಿ ಎತ್ತಿಕೊಂಡು ಹೋದರೆ ಆ ಬೀದಿಯ ಮನೆಗಳ ಊಟವನ್ನೇ ಎತ್ತಿದ ಹಾಗೆ.

ಇವತ್ತೇ ಶುರು ಮಾಡಬಹುದಾದ ಜಾಗ ಅಂದರೆ ಶಾಲೆಯ ಬಿಸಿಯೂಟ. ಮೊಟ್ಟೆಯ ವಿಷಯದಲ್ಲಿ ರಾಜ್ಯ ಒಳ್ಳೆಯ ಹೆಜ್ಜೆ ಇಟ್ಟಿದೆ. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರದ ಆರು ದಿನವೂ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ತರಕಾರಿಯ ಲೆಕ್ಕ ಮಾತ್ರ ಹಳೆಯದೇ: ಕೇಂದ್ರದ ನಿಯಮದಂತೆ ಐದನೇ ತರಗತಿವರೆಗಿನ ಮಗುವಿಗೆ 100 ಗ್ರಾಂ ಅಕ್ಕಿಗೆ 50 ಗ್ರಾಂ ತರಕಾರಿ, ಆರರಿಂದ ಎಂಟರವರೆಗೆ 150 ಗ್ರಾಂ ಅಕ್ಕಿಗೆ 75 ಗ್ರಾಂ. ಬ್ರೆಜಿಲ್ 2009ರಲ್ಲಿ ಕಾನೂನು ಮಾಡಿ, ಶಾಲೆ ಊಟಕ್ಕೆ ಕೇಂದ್ರ ಕೊಡುವ ದುಡ್ಡಿನಲ್ಲಿ ಕನಿಷ್ಠ ಶೇ 30ನ್ನು ಸಣ್ಣ ರೈತ ಕುಟುಂಬಗಳಿಂದಲೇ ಕೊಳ್ಳಬೇಕು ಅಂದಿತು. ಹಾಗೇ ಇಲ್ಲೂ ತರಕಾರಿಯ ಪ್ರಮಾಣವನ್ನು 100 ಗ್ರಾಂಗೆ ಏರಿಸಿ, ಅದಕ್ಕೆ ಬೇರೆ ದುಡ್ಡು ಕೊಟ್ಟು, ಅದೇ ಪಂಚಾಯಿತಿಯ ಸ್ತ್ರೀಶಕ್ತಿ ಸಂಘಗಳಿಂದ ಕೊಳ್ಳಬೇಕು ಅಂತ ಆದೇಶ ಮಾಡಲಿ. ನೂರು ಮಕ್ಕಳ ಶಾಲೆಗೆ ದಿನಕ್ಕೆ 10 ಕೆಜಿ ತರಕಾರಿ ಬೇಕಾಗುತ್ತೆ. ಊರಿನ ಎರಡು-ಮೂರು ಮನೆಗೆ ವರ್ಷದ ಬಹುಪಾಲು ದಿನ ಗೊತ್ತಾದ ರೇಟಿನ ಗಿರಾಕಿ ಸಿಕ್ಕ ಹಾಗಾಗುತ್ತೆ. ಶಾಲೆಗೆ ಅಂತ ದಿನಾ ಸೊಪ್ಪು ಕುಯ್ಯುವ ಮನೆ ಇದ್ದರೆ, ಗುರುವಾರವೂ ಶುಕ್ರವಾರವೂ ಅಕ್ಕಪಕ್ಕದವರು ಅಲ್ಲೇ ಹೋಗಿ ಒಂದು ಕಟ್ಟು ಕೊಳ್ಳಬಹುದು.